ಎಡಪುಟದಲ್ಲಿ ಸರ್ಕಾರ, ಬಲಪುಟದಲ್ಲಿ ಗ್ಯಾಂಗ್: ಮಾರಾಗಳ ಬಗ್ಗೆ ಸಂಶೋಧನೆ ಮಾಡುವುದು ಹೇಗೆ

ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನಾನೊಂದು ಎಡವಟ್ಟು ಮಾಡಿಕೊಂಡೆ. ಎಲ್ ಸಾಲ್ವಡಾರ್‌ನ ಬಸ್ ಮಾಲೀಕರೊಬ್ಬರ ಹೇಳಿಕೆ ಓದುತ್ತಿದ್ದೆ. ಅದರಲ್ಲಿ ‘ರೆಂತಾ’ ಎಂಬ ಪದ ಪುಟಕ್ಕೆ ನಾಲ್ಕು ಸಲ ಬರುತ್ತಿತ್ತು. ಸ್ಪ್ಯಾನಿಷ್ ನಿಘಂಟು ತೆಗೆದೆ. ಬಾಡಿಗೆ ಎಂದಿತ್ತು. ಸರಿ, ‘ಗ್ಯಾಂಗಿನವರು ಬಸ್ ಮಾಲೀಕರಿಂದ ಬಾಡಿಗೆ ಪಡೆಯುತ್ತಾರೆ, ಬಸ್ಸುಗಳು ಗ್ಯಾಂಗಿನವೇ ಇರಬೇಕು’ ಎಂದು ನೀಟಾಗಿ ಟೈಪ್ ಮಾಡಿ ಕಳಿಸಿದೆ. ನಮ್ಮ ಹಿರಿಯ ವಕೀಲರು ಓದಿ ಜೋರಾಗಿ ನಕ್ಕರು. ನಗು ಮುಗಿದ ಮೇಲೆ, "ಅದು ಬಾಡಿಗೆ ಅಲ್ಲಮ್ಮಾ, ಜೀವ ಉಳಿಸಿಕೊಳ್ಳಲು ಕಟ್ಟುವ ದುಡ್ಡು" ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾಮೂಲಿ, ಹಫ್ತಾ.

ಆಮೇಲೆ ಆರು ವರ್ಷ ಅದೇ ಕೆಲಸ ಮಾಡಿದೆ. ಮಧ್ಯ ಅಮೆರಿಕದಿಂದ ಓಡಿಬಂದು ಅಮೆರಿಕದಲ್ಲಿ ಆಶ್ರಯ ಕೇಳುವವರ ಕೇಸುಗಳಿಗೆ ಆ ದೇಶದ ಪರಿಸ್ಥಿತಿಯ ಫೈಲ್ ಕಟ್ಟಿಕೊಡುವುದು. ಗ್ಯಾಂಗ್ (ಅಲ್ಲಿನವರ ಮಾತಿನಲ್ಲಿ ‘ಮಾರಾ’) ಯಾವುದು, ಯಾವ ಏರಿಯಾ ಯಾರ ಕೈಯಲ್ಲಿದೆ, ಸರ್ಕಾರ ಏನು ಮಾಡಿತು, ಪೊಲೀಸರ ಹತ್ತಿರ ಹೋದವರಿಗೆ ಏನಾಯಿತು. ಇಷ್ಟೇ. ಈಗ ವಿದ್ಯಾರ್ಥಿಗಳು, ಹೊಸ ಪತ್ರಕರ್ತರು ಇದೇ ವಿಷಯ ಹಿಡಿದು ‘ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಅಂತರರಾಷ್ಟ್ರೀಯ ಬೀದಿ ಗ್ಯಾಂಗ್‌ಗಳು ಮತ್ತು ಸರ್ಕಾರದ ಕ್ರಮ’ ಎಂಬುದು ವಿಷಯವೇ ಅಲ್ಲ, ಸಮುದ್ರ. ಅದರಲ್ಲಿ ಒಂದು ದೇಶ, ಒಂದು ಗ್ಯಾಂಗ್, ಒಂದು ಕಾನೂನು ಆರಿಸಿ. ಉದಾಹರಣೆಗೆ: 2003ರ ಕಠಿಣ ಕಾನೂನು ಬಂದ ಮೇಲೆ ಎಲ್ ಸಾಲ್ವಡಾರ್‌ನ ಜೈಲುಗಳಲ್ಲಿ ಎಂಎಸ್-13 (ಮಾರಾ ಸಾಲ್ವತ್ರುಚಾ ಎಂಬ ಗ್ಯಾಂಗ್) ಹೇಗೆ ಬದಲಾಯಿತು? ಇದಕ್ಕೆ ಉತ್ತರ ಹುಡುಕಬಹುದು. ‘ಗ್ಯಾಂಗ್ ಹಿಂಸೆಗೆ ಪರಿಹಾರವೇನು?’ ಎಂಬುದಕ್ಕೆ ಉತ್ತರ ಹುಡುಕಲು ಹೋದರೆ ಭಾಷಣ ಬರೆಯುತ್ತೀರಿ ಅಷ್ಟೇ.

‘ಗ್ಯಾಂಗ್’ ಎಂದರೆ ಏನು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಯೂರೋಗ್ಯಾಂಗ್ ಎಂಬ ಸಂಶೋಧಕರ ಬಳಗದ ವ್ಯಾಖ್ಯೆ ನನಗೆ ಹಿಡಿಸುತ್ತದೆ: ಬಹುಕಾಲ ಉಳಿಯುವ, ಬೀದಿಯಲ್ಲಿ ಬೆಳೆಯುವ, ಕಾನೂನು ಮುರಿಯುವುದನ್ನೇ ತನ್ನ ಗುರುತಿನ ಭಾಗ ಮಾಡಿಕೊಂಡ ಯುವಕರ ಗುಂಪು. ‘ಗಡಿ ದಾಟಿದ’ ಎಂಬ ಮಾತಿಗೆ ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಪ್ಪಂದ ನೋಡಿ. ಒಂದು ದೇಶದಲ್ಲಿ ಯೋಜನೆ ಹಾಕಿ ಇನ್ನೊಂದರಲ್ಲಿ ಅಪರಾಧ ಮಾಡಿದರೂ ಅದು ಗಡಿ ದಾಟಿದ್ದೇ. ಎರಡು ದೇಶದಲ್ಲಿ ಒಂದೇ ಹೆಸರು, ಒಂದೇ ಹಚ್ಚೆ ಇದ್ದ ಮಾತ್ರಕ್ಕೆ ಒಬ್ಬನೇ ಯಜಮಾನ ಇದ್ದಾನೆ ಎಂದಲ್ಲ. ಈ ವಿಷಯದಲ್ಲಿ ಬಹಳ ಜನ ಜಾರುವುದು ಇಲ್ಲೇ.

ಒಂದು ನೋಟ್‌ಬುಕ್, ಎರಡು ಪುಟ

ನನ್ನ ಇಡೀ ವಿಧಾನ ಇದೊಂದೇ. ಉದ್ದನೆಯ ನೋಟ್‌ಬುಕ್ ತೆರೆದು ಎಡಪುಟದಲ್ಲಿ ಸರ್ಕಾರ ಮಾಡಿದ್ದು, ಬಲಪುಟದಲ್ಲಿ ಗ್ಯಾಂಗ್ ಮಾಡಿದ್ದು. ತಾರೀಖಿನ ಪ್ರಕಾರ, ಎದುರು ಬದುರು. ಕಂಪ್ಯೂಟರಿನಲ್ಲಿ ಮಾಡುವವರು ಎರಡು ಕಾಲಮ್ ಇಟ್ಟುಕೊಳ್ಳಿ. ನನಗಂತೂ ಕಾಗದವೇ ಬೇಕು.

ಏಕೆಂದರೆ ಪುಸ್ತಕಗಳು, ವರದಿಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಮೊದಲು ಗ್ಯಾಂಗಿನ ಹುಟ್ಟು, ಕೊನೆಗೆ ಸರ್ಕಾರದ ಪ್ರತಿಕ್ರಿಯೆ. ಹಾಗೆ ಓದಿದರೆ ಗ್ಯಾಂಗ್ ರೋಗ, ಸರ್ಕಾರ ಔಷಧಿ ಎನ್ನಿಸುತ್ತದೆ. ಎದುರು ಬದುರು ಬರೆದಾಗ ಬೇರೆಯೇ ಕಥೆ ಕಾಣುತ್ತದೆ.

ಬರೆದು ತೋರಿಸುತ್ತೇನೆ. 1980ರಿಂದ 1992ರವರೆಗೆ ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ. 75,000ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಸೇನೆಗೆ ಅಮೆರಿಕ ಹಣ, ಆಯುಧ ಕೊಟ್ಟಿತು. ಇದು ಎಡಪುಟ. ಬಲಪುಟದಲ್ಲಿ: ಓಡಿಬಂದವರ ಮಕ್ಕಳು ಲಾಸ್ ಏಂಜಲೀಸ್‌ನಲ್ಲಿ ಗುಂಪು ಕಟ್ಟಿದರು. ಶುರುವಿನಲ್ಲಿ ಹೆವಿ ಮೆಟಲ್ ಸಂಗೀತ ಕೇಳುತ್ತಾ, ಗಾಂಜಾ ಸೇದುತ್ತಾ ಕೂರುವ ಉದ್ದ ಕೂದಲಿನ ಹುಡುಗರು. ಮಾರಾ ಸಾಲ್ವತ್ರುಚಾ ಹುಟ್ಟಿದ್ದು ಹೀಗೆ. ಹೆಸರಿನ ತುದಿಯ 13 ಬಂದದ್ದು ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ. ಅಲ್ಲಿ ಮೆಕ್ಸಿಕನ್ ಮಾಫಿಯಾ ಎಂಬ ಜೈಲು ಗ್ಯಾಂಗಿನ ಮಾತು ನಡೆಯುತ್ತಿತ್ತು, ‘ಎಂ’ ಇಂಗ್ಲಿಷಿನ 13ನೇ ಅಕ್ಷರ. ಎದುರಾಳಿ ಬಾರಿಯೊ 18 ಅದಕ್ಕಿಂತ ಹಳೆಯದು, ಅದೇ ಊರಿನ 18ನೇ ಬೀದಿಯ ಹೆಸರು ಹೊತ್ತದ್ದು. ಅಂದರೆ ಎರಡೂ ಹುಟ್ಟಿದ್ದು ಅಮೆರಿಕದಲ್ಲಿ. ಈ ಒಂದು ಸಾಲು ನಿಮ್ಮ ಲೇಖನದಲ್ಲಿ ಇರದಿದ್ದರೆ ಉಳಿದದ್ದು ಓದುವವರಿಗೆ ಅರ್ಥವೇ ಆಗುವುದಿಲ್ಲ.

1992ರಲ್ಲಿ ಶಾಂತಿ ಒಪ್ಪಂದ. 1996ರಲ್ಲಿ ಅಮೆರಿಕ ಹೊಸ ವಲಸೆ ಕಾನೂನು ಮಾಡಿ, ಸಣ್ಣಪುಟ್ಟ ಅಪರಾಧ ಮಾಡಿದವರನ್ನೂ ಗಡೀಪಾರು ಮಾಡುವ ದಾರಿ ಅಗಲ ಮಾಡಿತು. ಬಲಪುಟ: ಸ್ಪ್ಯಾನಿಷ್ ಸರಿಯಾಗಿ ಬಾರದ, ತಾಯ್ನಾಡಿನಲ್ಲಿ ಯಾರನ್ನೂ ಅರಿಯದ ಹುಡುಗರು ವಿಮಾನದಿಂದ ಇಳಿದರು. ಅಲ್ಲಿ ಮೊದಲೇ ಇದ್ದ ಪುಟ್ಟ ಪುಟ್ಟ ಬೀದಿ ಗುಂಪುಗಳು ಇವರ ಹೆಸರು, ಹಚ್ಚೆ, ನಿಯಮ ಎಲ್ಲವನ್ನೂ ಎತ್ತಿಕೊಂಡವು.

2003ರ ಜುಲೈಯಲ್ಲಿ ಅಧ್ಯಕ್ಷ ಫ್ರಾನ್ಸಿಸ್ಕೊ ಫ್ಲೋರೆಸ್ ‘ಮಾನೊ ದುರಾ’ ಘೋಷಿಸಿದರು. ಗಟ್ಟಿ ಕೈ, ಉಕ್ಕಿನ ಕೈ ಎಂದು ಅರ್ಥ. ಮುಂದಿನ ವರ್ಷ ಚುನಾವಣೆ ಇತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಹಚ್ಚೆ ಇದ್ದರೆ, ನಾಲ್ಕು ಹುಡುಗರು ಮೂಲೆಯಲ್ಲಿ ನಿಂತಿದ್ದರೆ ಬಂಧನ. ಒಂದು ವರ್ಷದಲ್ಲಿ ಸುಮಾರು 20,000 ಬಂಧನಗಳಾದವು, ಸಾಕ್ಷ್ಯವಿಲ್ಲದೆ ಹೆಚ್ಚಿನವರು ಹೊರಬಂದರು. 2004ರಲ್ಲಿ ನ್ಯಾಯಾಲಯ ಆ ಕಾನೂನನ್ನು ಸಂವಿಧಾನಬಾಹಿರ ಎಂದಿತು. ಹೊಸ ಅಧ್ಯಕ್ಷ ಆಂಟೋನಿಯೊ ಸಾಕಾ ಬಂದು ‘ಸೂಪರ್ ಮಾನೊ ದುರಾ’ ತಂದರು. ಹೆಸರು ನೋಡಿ, ಸಾಬೂನಿನ ಜಾಹೀರಾತಿನಂತಿದೆ! ಅದೇ ಸುಮಾರಿಗೆ ಜೈಲಿನೊಳಗೆ ಹೊಡೆದಾಟ ತಪ್ಪಿಸಲು ಒಂದೊಂದು ಗ್ಯಾಂಗಿಗೆ ಒಂದೊಂದು ಜೈಲು ಬಿಟ್ಟುಕೊಟ್ಟರು. ಸಿಯುದಾದ್ ಬಾರಿಯೋಸ್ ಜೈಲು ಎಂಎಸ್-13ಕ್ಕೆ ಹೋಯಿತು.

ಈಗ ಬಲಪುಟ ಓದಿ. ಹೊಸ ಸದಸ್ಯರು ಕಾಣುವಂತೆ ಹಚ್ಚೆ ಹಾಕಿಸಿಕೊಳ್ಳುವುದನ್ನು ಬಿಟ್ಟರು. ಬೇರೆ ಬೇರೆ ಊರಿನ ಗುಂಪುಗಳ ಮುಖಂಡರು ಮೊದಲ ಬಾರಿಗೆ ಒಂದೇ ಗೋಡೆಯೊಳಗೆ ವರ್ಷಗಟ್ಟಲೆ ಕೂತು ಮಾತಾಡಿದರು. ದೇಶ ಪೂರ್ತಿಗೆ ಒಂದೇ ನಾಯಕತ್ವ ಹುಟ್ಟಿತು. ಜೈಲಿನಲ್ಲಿರುವವರ ಊಟ, ವಕೀಲರು, ಅವರ ಸಂಸಾರದ ಖರ್ಚು, ಎಲ್ಲಕ್ಕೂ ದುಡ್ಡು ಬೇಕಾಯಿತು, ಹಫ್ತಾ ವಸೂಲಿ ವ್ಯವಸ್ಥಿತವಾಯಿತು. ಆ ಬಸ್ ಮಾಲೀಕರ ‘ರೆಂತಾ’ ಬೆಳೆದದ್ದು ಇಲ್ಲಿ. ಎಡಪುಟ ಇಲ್ಲದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ಜೋಡಿ. 2010ರ ಜೂನ್‌ನಲ್ಲಿ ಮೆಹಿಕಾನೋಸ್ ಎಂಬಲ್ಲಿ ಗ್ಯಾಂಗಿನವರು ಜನ ತುಂಬಿದ ಬಸ್ಸಿಗೆ ಬೆಂಕಿಯಿಟ್ಟು 17 ಜನ ಸತ್ತರು. ಸೆಪ್ಟೆಂಬರ್‌ನಲ್ಲಿ ಗ್ಯಾಂಗ್‌ಗಳನ್ನು ನಿಷೇಧಿಸುವ ಕಾನೂನು. ಅದಕ್ಕುತ್ತರವಾಗಿ ಗ್ಯಾಂಗ್‌ಗಳು ಮೂರು ದಿನ ಬಸ್ ಓಡಿಸಬಾರದೆಂದು ಆಜ್ಞೆ ಮಾಡಿದವು, ದೇಶದ ಬಹುಪಾಲು ಬಸ್ಸುಗಳು ನಿಂತೇ ಹೋದವು. ಆಮೇಲೆ 2012ರ ಮಾರ್ಚ್. ಬಿಗಿ ಭದ್ರತೆಯ ಸಕಾತೆಕೊಲುಕಾ ಜೈಲಿನಿಂದ ಸುಮಾರು 30 ಮುಖಂಡರನ್ನು ಸಡಿಲ ಜೈಲುಗಳಿಗೆ ಕಳಿಸಿದರು. ದಿನಕ್ಕೆ ಸುಮಾರು 14 ಇದ್ದ ಕೊಲೆ ಐದಾರಕ್ಕೆ ಇಳಿಯಿತು. ರಹಸ್ಯ ಒಪ್ಪಂದ ಆಗಿದೆ ಎಂದು ‘ಎಲ್ ಫಾರೊ’ ಪತ್ರಿಕೆ ಬರೆಯಿತು, ಅಧ್ಯಕ್ಷ ಮೌರಿಸಿಯೊ ಫೂನೆಸ್ ಸರ್ಕಾರ ಅಲ್ಲಗಳೆಯಿತು. 2023ರಲ್ಲಿ ನ್ಯಾಯಾಲಯ ಇದೇ ವಿಚಾರಕ್ಕೆ ಫೂನೆಸ್‌ಗೆ, ಅವರ ಗೈರುಹಾಜರಿಯಲ್ಲಿ, 14 ವರ್ಷ ಶಿಕ್ಷೆ ಕೊಟ್ಟಿತು. ಸುದ್ದಿ ಬಂದಾಗ ಒಂದು ಬಣ್ಣ, ತೀರ್ಪು ಬಂದಾಗ ಇನ್ನೊಂದು ಬಣ್ಣ, ನಡುವೆ 11 ವರ್ಷ. ನಾನು ಸುದ್ದಿಗೆ ಪೆನ್ಸಿಲ್, ತೀರ್ಪಿಗೆ ಪೆನ್ ಬಳಸುವುದು ಅದಕ್ಕೇ.

ಪದಗಳ ಪಟ್ಟಿ ಮಾಡಿಕೊಳ್ಳಿ

ಸ್ಪ್ಯಾನಿಷ್ ಕಲಿಯದೆ ಈ ಕೆಲಸ ಮಾಡಬಹುದಾ? ಅರ್ಧ ಮಾಡಬಹುದು. ಮಷೀನ್ ಅನುವಾದ ಸಾಮಾನ್ಯ ಸುದ್ದಿಗೆ ಸಾಕು. ಗ್ಯಾಂಗಿನ ಮಾತಿಗೆ ಸಾಲದು.

‘ಪೋಸ್ತೆ’ ಎಂದರೆ ಕಂಬ. ಗ್ಯಾಂಗಿನ ಮಾತಿನಲ್ಲಿ ಬೀದಿ ತುದಿಯಲ್ಲಿ ನಿಂತು ಪೊಲೀಸರು ಬಂದರೆ ಸುದ್ದಿ ಕೊಡುವ ಹುಡುಗ. ‘ಕ್ಲಿಕಾ’ ಒಂದು ಏರಿಯಾದ ಘಟಕ. ‘ಪಲಾಬ್ರೆರೊ’ ಅದರ ಮುಖ್ಯಸ್ಥ, ಅಂದರೆ ‘ಮಾತು’ ಇರುವವನು. ‘ರಾನ್‌ಫ್ಲಾ’ ಮೇಲಿನ ನಾಯಕರ ಕೂಟ. ‘ಚೆಕೇಯೊ’ ಇನ್ನೂ ಪರೀಕ್ಷೆಯಲ್ಲಿರುವ ಹುಡುಗ. ಅವನನ್ನು ಸೇರಿಸಿಕೊಳ್ಳುವಾಗ ಹೊಡೆಯುತ್ತಾರೆ. ಎಂಎಸ್‌ನಲ್ಲಿ 13 ಸೆಕೆಂಡು, ಬಾರಿಯೊದಲ್ಲಿ 18 ಸೆಕೆಂಡು. ‘ಕಾಲ್ಮಾದೊ’ ಎಂದರೆ ಅನುಮತಿ ಪಡೆದು ತಣ್ಣಗೆ ಕೂತವನು. ಬಿಟ್ಟು ಹೋದವನಲ್ಲ, ನೆನಪಿಡಿ. ಬಿಟ್ಟು ಹೋಗಲು ಹೆಚ್ಚಿನವರಿಗೆ ಇದ್ದ ಒಂದೇ ದಾರಿ ಇವಾಂಜೆಲಿಕಲ್ ಚರ್ಚ್. ನಿಜವಾಗಿ ಭಕ್ತನಾದನೋ ಇಲ್ಲವೋ ಎಂದು ಗ್ಯಾಂಗ್ ನೋಡುತ್ತಲೇ ಇರುತ್ತದೆ.

ಇನ್ನು ‘ಬಾರಿಯೊ’ ಎಂದರೆ ಬಡಾವಣೆ. ಆದರೆ ಗ್ಯಾಂಗಿನವನು ‘ನನ್ನ ಬಾರಿಯೊ’ ಎಂದಾಗ ಅವನು ಗ್ಯಾಂಗನ್ನೇ ಹೇಳುತ್ತಿರಬಹುದು. ಒಂದು ಹೇಳಿಕೆಯಲ್ಲಿ ಇದನ್ನು ತಪ್ಪಾಗಿ ಓದಿದರೆ ಆಪಾದಿತನೊಬ್ಬ ಸುಮ್ನೆ ತನ್ನ ಬೀದಿಯ ಬಗ್ಗೆ ಅಭಿಮಾನ ಪಡುತ್ತಿದ್ದಾನೆ ಎನ್ನಿಸುತ್ತದೆ. ಇಲ್ಲವೇ ಉಲ್ಟಾ, ಪಾಪದವನೊಬ್ಬ ಗ್ಯಾಂಗಿನವನಾಗಿ ಬಿಡುತ್ತಾನೆ.

ಸಂಖ್ಯೆ ಎಂದರೆ ನಿಂತು ಕೇಳಿ: ಯಾರು ಎಣಿಸಿದರು?

ನನ್ನ ಎರಡನೇ ಎಡವಟ್ಟು ಇದರಲ್ಲೇ. ಅಮೆರಿಕದಲ್ಲಿ ಎಂಎಸ್-13 ಸದಸ್ಯರು ಸುಮಾರು 10,000 ಎಂದು ಬರೆದು ಒಂದು ಸರ್ಕಾರಿ ಪ್ರಕಟಣೆಯನ್ನು ತೋರಿಸಿದ್ದೆ. ಎದುರು ಪಕ್ಷದ ವಕೀಲರು ಹತ್ತು ವರ್ಷ ಹಳೆಯ ಪ್ರಕಟಣೆ ತೆಗೆದು ಪಕ್ಕದಲ್ಲಿಟ್ಟರು. ಅದರಲ್ಲೂ 10,000ವರೆಗೆ ಎಂದೇ ಇತ್ತು. ನಡುವೆ ಅಷ್ಟು ಬಂಧನ, ಅಷ್ಟು ಗಡೀಪಾರು, ಆದರೂ ಅಂಕಿ ಅಲ್ಲಾಡಿಲ್ಲ. ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ಎಣಿಕೆ ಅಲ್ಲ, ಅಂದಾಜು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿ, ಅವರದ್ದನ್ನು ಮೊದಲಿನವರೇ ಮತ್ತೆ ಎತ್ತಿ ಬಳಸಿದ್ದು.

ಸದಸ್ಯರ ಸಂಖ್ಯೆ ನೋಡಿದಾಗಲೆಲ್ಲ ‘ಸದಸ್ಯ’ ಯಾರು ಎಂದು ಕೇಳಿ. ಕಂಬದ ಹಾಗೆ ನಿಲ್ಲುವ ಹುಡುಗನೂ ಲೆಕ್ಕಕ್ಕೆ ಬರುತ್ತಾನಾ? ಅವನ ತಾಯಿ? ಹಫ್ತಾ ದುಡ್ಡನ್ನು ಮನೆಗೆ ತರುವ ತಂಗಿ? 2012ರಲ್ಲಿ ವಿಶ್ವಸಂಸ್ಥೆಯ ಅಪರಾಧ ಕಚೇರಿ ಎಲ್ ಸಾಲ್ವಡಾರ್, ಹೊಂಡುರಾಸ್, ಗ್ವಾಟೆಮಾಲ ಮೂರೂ ಸೇರಿ ಸುಮಾರು 54,000 ಎಂದಿತ್ತು. ಹತ್ತು ವರ್ಷದ ನಂತರ ಎಲ್ ಸಾಲ್ವಡಾರ್ ಒಂದರಲ್ಲೇ 80,000ಕ್ಕೂ ಹೆಚ್ಚು ಜನರನ್ನು ಗ್ಯಾಂಗ್ ಹೆಸರಿನಲ್ಲಿ ಒಳಗೆ ಹಾಕಿದರು. ಎರಡೂ ಸಂಖ್ಯೆ ಒಂದೇ ವಸ್ತುವನ್ನು ಎಣಿಸಿರಲು ಸಾಧ್ಯವಿಲ್ಲ, ಅಲ್ವಾ?

ಪೊಲೀಸ್ ಪಟ್ಟಿಗಳ ಬಗ್ಗೆ ಒಂದೇ ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ‘ಕ್ಯಾಲ್‌ಗ್ಯಾಂಗ್’ ಎಂಬ ದತ್ತಾಂಶ ಇದೆ. ನಮ್ಮ ರೌಡಿ ಶೀಟಿನ ಕಂಪ್ಯೂಟರ್ ಅವತಾರ ಎನ್ನಿ. 2016ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರು ಅದನ್ನು ತೆಗೆದು ನೋಡಿದರು. ಹೆಸರು ಸೇರಿಸಿದ ದಿನ ಒಂದು ವರ್ಷವೂ ತುಂಬದವರು 42 ಜನ ಅದರಲ್ಲಿದ್ದರು. ಅವರಲ್ಲಿ 28 ಕೂಸುಗಳು ‘ನಾನು ಗ್ಯಾಂಗ್ ಸದಸ್ಯ ಎಂದು ಒಪ್ಪಿಕೊಂಡಿವೆ’ ಎಂದು ದಾಖಲಾಗಿತ್ತು.

ಕೊಲೆಯ ಸಂಖ್ಯೆ ಸದಸ್ಯರ ಸಂಖ್ಯೆಗಿಂತ ಗಟ್ಟಿ. ಶವ ಎಣಿಸಬಹುದು. ಆದರೂ ಹುಷಾರು. ಎಲ್ ಸಾಲ್ವಡಾರ್‌ನ ಸರ್ಕಾರಿ ಲೆಕ್ಕ ನೋಡಿ: 2015ರಲ್ಲಿ 6,656 ಕೊಲೆ, ಲಕ್ಷಕ್ಕೆ ನೂರಕ್ಕಿಂತ ಜಾಸ್ತಿ. 2018ರಲ್ಲಿ 3,346. 2021ರಲ್ಲಿ 1,147. 2022ರಲ್ಲಿ 495. 2023ರಲ್ಲಿ 154. ಅಧ್ಯಕ್ಷ ನಯೀಬ್ ಬುಕೆಲೆ ತುರ್ತು ಪರಿಸ್ಥಿತಿ ತಂದದ್ದು 2022ರ ಮಾರ್ಚ್ 27ರಂದು. ಈಗ ಹೇಳಿ, ಇಳಿತ ಶುರುವಾದದ್ದು ಯಾವಾಗ? ಅತಿ ದೊಡ್ಡ ಇಳಿತ ಆಗಿದ್ದು ತುರ್ತು ಪರಿಸ್ಥಿತಿಗೆ ಮುಂಚೆ, ಅದರಲ್ಲೂ ಒಂದಷ್ಟು ಬುಕೆಲೆ 2019ರ ಜೂನ್‌ನಲ್ಲಿ ಅಧಿಕಾರಕ್ಕೆ ಬರುವ ಮುಂಚೆ. ಹಾಗಂತ 2022ರ ನಂತರದ ಇಳಿತ ಸುಳ್ಳಲ್ಲ. ಹಫ್ತಾ ಬಹುಪಾಲು ನಿಂತಿದೆ, ಮೊದಲು ದಾಟಲಾಗದ ಬೀದಿಗಳನ್ನು ಜನ ದಾಟುತ್ತಿದ್ದಾರೆ. ಇದನ್ನು ಬರೆಯದಿದ್ದರೆ ನೀವೂ ಪಕ್ಷಪಾತಿಯೇ. ಇದರ ಜೊತೆ, ಪೊಲೀಸರ ಗುಂಡಿಗೆ ಸತ್ತ ಗ್ಯಾಂಗ್ ಶಂಕಿತರನ್ನು, ಗುಪ್ತ ಗೋರಿಗಳಲ್ಲಿ ಸಿಕ್ಕ ಶವಗಳನ್ನು ಬುಕೆಲೆ ಕಾಲದ ಸರ್ಕಾರಿ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಹೀಗಾಗಿ 2015ರ ಅಂಕಿಯನ್ನು 2023ರ ಅಂಕಿಯ ಪಕ್ಕ ಇಡುವಾಗ ಕೆಳಗೊಂದು ಅಡಿಟಿಪ್ಪಣಿ ಬೇಕು.

ದುಡ್ಡಿನ ಲೆಕ್ಕವೂ ಹೀಗೇ. 2016ರಲ್ಲಿ ಎಂಎಸ್-13ರ ವರ್ಷದ ಆದಾಯ ಸುಮಾರು 3.12 ಕೋಟಿ ಡಾಲರ್ ಎಂದು ಸುದ್ದಿಯಾಯಿತು. ಕೇಳಲು ಭಯಂಕರ. ಸದಸ್ಯರು 40,000 ಎಂದುಕೊಂಡು ಭಾಗಿಸಿ. ತಲೆಗೆ ವಾರಕ್ಕೆ 15 ಡಾಲರ್. ಇದು ಮಾದಕವಸ್ತು ಸಾಮ್ರಾಜ್ಯದ ಲೆಕ್ಕವಲ್ಲ. ಬಡ ಹುಡುಗರು ಇನ್ನೂ ಬಡವರಾದ ಬಸ್ ಕಂಡಕ್ಟರ್‌ಗಳಿಂದ ಕಿತ್ತುಕೊಳ್ಳುವ ಲೆಕ್ಕ. ಸಂಖ್ಯೆ ಸಿಕ್ಕರೆ ಭಾಗಿಸಿ ನೋಡುವುದು ನನಗೆ ಈಗ ಚಟವಾಗಿದೆ.

ಕಾಗದ ಎಲ್ಲಿ ಸಿಗುತ್ತದೆ

ಶುರುವಿಗೆ ಅಮೆರಿಕ ಸಂಸತ್ತಿನ ಸಂಶೋಧನಾ ವಿಭಾಗದ ವರದಿಗಳು. ಪುಕ್ಕಟೆ, ಚಿಕ್ಕವು, ಕಾನೂನುಗಳ ತಾರೀಖು ಸರಿಯಾಗಿರುತ್ತದೆ. ಎಡಪುಟದ ಅರ್ಧ ಅದರಲ್ಲೇ ತುಂಬುತ್ತದೆ. ಬಲಪುಟಕ್ಕೆ ಎಲ್ ಫಾರೊ, ಮತ್ತೆ ಸಂಘಟಿತ ಅಪರಾಧದ ಸುದ್ದಿತಾಣ ಇನ್‌ಸೈಟ್ ಕ್ರೈಮ್. ಎರಡೂ ಆನ್‌ಲೈನ್‌ನಲ್ಲಿವೆ.

ನನಗೆ ಎಲ್ಲಕ್ಕಿಂತ ಇಷ್ಟ ನ್ಯಾಯಾಲಯದ ಕಾಗದ. ಅಮೆರಿಕದ ಫೆಡರಲ್ ಕೋರ್ಟುಗಳ ದಾಖಲೆ ‘ಪೇಸರ್’ ಎಂಬ ವ್ಯವಸ್ಥೆಯಲ್ಲಿದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ದುಡ್ಡೇ ಇಲ್ಲ. ಮೊದಲು ‘ಕೋರ್ಟ್‌ಲಿಸನರ್’ ತಾಣದಲ್ಲಿ ಹುಡುಕಿ. ಬೇರೆಯವರು ದುಡ್ಡು ಕೊಟ್ಟು ಇಳಿಸಿಕೊಂಡದ್ದು ಅಲ್ಲಿ ಪುಕ್ಕಟೆ ಇರುತ್ತದೆ. ನಾನು ಇದು ಗೊತ್ತಿಲ್ಲದೆ ಒಂದೇ ವಾರದಲ್ಲಿ 90 ಡಾಲರ್ ಕಳೆದಿದ್ದೇನೆ.

ಓದಲೇಬೇಕಾದ್ದು, ನ್ಯೂಯಾರ್ಕ್‌ನ ಪೂರ್ವ ಜಿಲ್ಲಾ ನ್ಯಾಯಾಲಯದಲ್ಲಿ ಎಂಎಸ್-13ರ 14 ಉನ್ನತ ಮುಖಂಡರ ಮೇಲೆ ಹಾಕಿದ ಭಯೋತ್ಪಾದನೆ ಆರೋಪಪಟ್ಟಿ. 2021ರ ಜನವರಿಯಲ್ಲಿ ಬಹಿರಂಗವಾಯಿತು. ಕ್ಲಿಕಾಗಳು ಹೇಗೆ ನಡೆಯುತ್ತವೆ, ಜೈಲಿನಿಂದ ಅಪ್ಪಣೆ ಹೇಗೆ ಹೊರಡುತ್ತದೆ ಎಂಬುದು ಅದರಲ್ಲಿ ಹೆಜ್ಜೆ ಹೆಜ್ಜೆಗೂ ಇದೆ. ಆದರೆ ಅದು ಆರೋಪಪಟ್ಟಿ. ಸರ್ಕಾರಿ ವಕೀಲರು ಹೇಳುವ ಕಥೆ. ಪೆನ್ಸಿಲ್!

ಈ ಮುಖಂಡರಲ್ಲಿ ಒಬ್ಬನಾದ ಎಲ್ಮೆರ್ ಕನಾಲೆಸ್‌ನ ದಾರಿ ಗಮನಿಸಿ. ಎಲ್ ಸಾಲ್ವಡಾರ್‌ನ ಜೈಲಿನಲ್ಲಿದ್ದವನು 2021ರಲ್ಲಿ ಶಿಕ್ಷೆ ಮುಗಿಯುವ ಮುಂಚೆಯೇ ಹೊರಗೆ ಬಂದ. 2023ರಲ್ಲಿ ಮೆಕ್ಸಿಕೊದಲ್ಲಿ ಸಿಕ್ಕಿಬಿದ್ದ. ಬುಕೆಲೆ ಸರ್ಕಾರ ಎಂಎಸ್-13ರ ಜೊತೆ ಮಾತುಕತೆ ನಡೆಸಿದೆ ಎಂದು ಎಲ್ ಫಾರೊ 2020ರ ಸೆಪ್ಟೆಂಬರ್‌ನಲ್ಲೇ ಬರೆದಿತ್ತು. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ಅದೇ ಕಾರಣಕ್ಕೆ ಜೈಲು ಮುಖ್ಯಸ್ಥ ಒಸಿರಿಸ್ ಲೂನಾ ಮತ್ತು ಇನ್ನೊಬ್ಬ ಅಧಿಕಾರಿಯ ಮೇಲೆ ನಿರ್ಬಂಧ ಹಾಕಿತು. ಸರ್ಕಾರ ಮಾತ್ರ ಅಲ್ಲಗಳೆಯುತ್ತಲೇ ಬಂದಿದೆ. 2022ರ ಮಾರ್ಚ್ 25ರಿಂದ 27ರವರೆಗೆ ಮೂರೇ ದಿನದಲ್ಲಿ 87 ಜನರನ್ನು ಗ್ಯಾಂಗ್ ಕೊಂದಿತು. ಇವೆಲ್ಲವನ್ನೂ ಎದುರು ಬದುರು ಬರೆದ ಮೇಲೆ ಆ ಮೂರು ದಿನ ಆಕಾಶದಿಂದ ಬಿದ್ದಂತೆ ಕಾಣುವುದಿಲ್ಲ.

ಸರ್ಕಾರಿ ವರದಿ ಓದುವ ಒಂದು ಒಳ್ಳೆ ಅಭ್ಯಾಸ ಹೇಳುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ವರ್ಷ ಪ್ರತಿ ದೇಶದ ಮಾನವ ಹಕ್ಕುಗಳ ವರದಿ ಬರೆಯುತ್ತದೆ. ಎಲ್ ಸಾಲ್ವಡಾರ್ ಬಗ್ಗೆ 2023ರ ವರದಿ ತೆಗೆಯಿರಿ. ಅದರಲ್ಲಿ ಗಂಭೀರ ಉಲ್ಲಂಘನೆಗಳ ಉದ್ದ ಪಟ್ಟಿ ಇದೆ. 2024ರ ವರದಿ ತೆಗೆಯಿರಿ. ಗಂಭೀರ ಉಲ್ಲಂಘನೆಯ ನಂಬಲರ್ಹ ವರದಿಗಳಿಲ್ಲ ಎನ್ನುತ್ತದೆ. ಅದೇ ದೇಶ, ಅದೇ ತುರ್ತು ಪರಿಸ್ಥಿತಿ, ಅದೇ ಇಲಾಖೆ. ನಡುವೆ ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾಯಿತು. 2024ರ ವರದಿ ಹೊರಬಂದದ್ದು 2025ರ ಆಗಸ್ಟ್‌ನಲ್ಲಿ, ಎಲ್ ಸಾಲ್ವಡಾರ್‌ನ ಸೆಕೊತ್ ಎಂಬ ಮಹಾಜೈಲಿಗೆ ಅಮೆರಿಕ 250ಕ್ಕೂ ಹೆಚ್ಚು ಜನರನ್ನು ಕಳಿಸಿದ ಕೆಲವೇ ತಿಂಗಳಿಗೆ. ಹಳೆಯ ವರದಿಗಳನ್ನು ಇಳಿಸಿ ಇಟ್ಟುಕೊಳ್ಳಿ. ಪುಟಗಳು ಮಾಯವಾಗುತ್ತವೆ.

ಹಣೆಪಟ್ಟಿಯ ಇತಿಹಾಸವನ್ನೂ ಒಂದೇ ಕಡೆ ಬರೆದಿಡಿ. 2012ರ ಅಕ್ಟೋಬರ್‌ನಲ್ಲಿ ಅಮೆರಿಕ ಎಂಎಸ್-13 ಅನ್ನು ಗಡಿ ದಾಟಿದ ಅಪರಾಧ ಸಂಸ್ಥೆ ಎಂದಿತು, ಬೀದಿ ಗ್ಯಾಂಗ್ ಒಂದಕ್ಕೆ ಆ ಪಟ್ಟ ಸಿಕ್ಕಿದ್ದು ಮೊದಲ ಸಲ. 2015ರಲ್ಲಿ ಎಲ್ ಸಾಲ್ವಡಾರ್‌ನ ಸುಪ್ರೀಂ ಕೋರ್ಟ್ ಗ್ಯಾಂಗ್‌ಗಳನ್ನು ಭಯೋತ್ಪಾದಕ ಗುಂಪು ಎಂದಿತು. 2025ರ ಫೆಬ್ರವರಿಯಲ್ಲಿ ಅಮೆರಿಕವೂ ಹಾಗೇ ಎಂದಿತು, ವೆನೆಜುವೆಲಾದ ತೊಕೊರೊನ್ ಜೈಲಿನಲ್ಲಿ ಬೆಳೆದ ‘ತ್ರೆನ್ ದೆ ಅರಾಗ್ವಾ’ವನ್ನೂ ಸೇರಿಸಿ. ಇದರ ನಡುವೆ ತಮಾಷೆ ನೋಡಿ. ಇದೇ ಗ್ಯಾಂಗಿಗೆ ಸೇರಲು ಒಪ್ಪದೆ ಓಡಿಬಂದ ಹುಡುಗರು ಆಶ್ರಯ ಕೇಳಿದಾಗ, ನಿಮ್ಮದು ಕಾನೂನು ಗುರುತಿಸುವ ‘ಸಾಮಾಜಿಕ ಗುಂಪು’ ಅಲ್ಲ ಎಂದು 2008ರಲ್ಲೇ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ ಹೇಳಿಬಿಟ್ಟಿತ್ತು. ನನ್ನ ಆರು ವರ್ಷದ ಅರ್ಧ ಆ ಒಂದು ತೀರ್ಪನ್ನು ಸುತ್ತಿ ಬಳಸುವುದರಲ್ಲೇ ಕಳೆಯಿತು.

ಹೊಂಡುರಾಸ್, ಗ್ವಾಟೆಮಾಲ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಎಲ್ ಸಾಲ್ವಡಾರ್‌ನ ಮಾದರಿಯನ್ನು ಅಲ್ಲಿಗೆ ಅಂಟಿಸಬೇಡಿ, ಅಷ್ಟು ಸಾಕು. ಹೊಂಡುರಾಸ್ ಕೂಡ 2022ರ ಡಿಸೆಂಬರ್‌ನಲ್ಲಿ ತುರ್ತು ಪರಿಸ್ಥಿತಿ ತಂದಿತು, ಆದರೆ ಅದೇ ಫಲಿತಾಂಶ ಬರಲಿಲ್ಲ. ಆರೇ ತಿಂಗಳಿಗೆ, 2023ರ ಜೂನ್‌ನಲ್ಲಿ, ತಾಮಾರಾದ ಮಹಿಳಾ ಜೈಲಿನೊಳಗೇ 46 ಹೆಂಗಸರ ಕೊಲೆಯಾಯಿತು.

ಬದುಕಿರುವ ಮನುಷ್ಯರ ವಿಷಯ

ಇದನ್ನು ಕೊನೆಗೆ ಬರೆಯುತ್ತಿದ್ದರೂ ಮೊದಲು ಓದಿ.

ಒಮ್ಮೆ ಒಂದು ಹುಡುಗಿಯ ಕೇಸಿಗೆ ಟಿಪ್ಪಣಿ ಬರೆಯುವಾಗ ಅವಳ ಅಣ್ಣ ಓಡಿಸುತ್ತಿದ್ದ ಬಸ್ಸಿನ ರೂಟ್ ನಂಬರ್ ಹಾಕಿದ್ದೆ. ವಿವರ ಇದ್ದರೆ ನಂಬಿಕೆ ಬರುತ್ತದೆ ಎಂಬ ಹುಮ್ಮಸ್ಸು. ಹಿರಿಯ ವಕೀಲರು ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. "ಆ ರೂಟಿನಲ್ಲಿ ಎಷ್ಟು ಡ್ರೈವರ್ ಇದ್ದಾರೆ? ಅದರಲ್ಲಿ ತಂಗಿ ಓಡಿಹೋದವರು ಎಷ್ಟು?" ಎಂದು ಕೇಳಿದರು. ಅವತ್ತಿನಿಂದ ಹೆಸರು ತೆಗೆದರೆ ಸಾಕು ಎಂಬ ಭ್ರಮೆ ನನಗಿಲ್ಲ. ಊರು, ವಯಸ್ಸು, ಕೆಲಸ, ತಾರೀಖು, ಇವುಗಳಲ್ಲಿ ಎರಡು ಸೇರಿದರೆ ಮನುಷ್ಯ ಸಿಕ್ಕಿಬಿಡುತ್ತಾನೆ.

ಗ್ಯಾಂಗ್ ಸದಸ್ಯರ ಸೋಷಿಯಲ್ ಮೀಡಿಯಾ ಖಾತೆಗಳನ್ನು ಹಿಂಬಾಲಿಸಬೇಡಿ, ಮಾತಿಗೆ ಎಳೆಯಬೇಡಿ, ಸುಳ್ಳು ಹೆಸರಿನಲ್ಲಂತೂ ಬೇಡವೇ ಬೇಡ. ಅನುಭವ ಇದ್ದವರಿಗೇ ಇದು ಮುಳುವಾಗಿದೆ. ಬಾರಿಯೊ 18ರ ಹುಡುಗರ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು ಸಾಕ್ಷ್ಯಚಿತ್ರ ತೆಗೆದ ಕ್ರಿಸ್ತಿಯಾನ್ ಪೊವೇದಾ 2009ರ ಸೆಪ್ಟೆಂಬರ್‌ನಲ್ಲಿ ಎಲ್ ಸಾಲ್ವಡಾರ್‌ನಲ್ಲೇ ಕೊಲೆಯಾದರು. ಅಪಾಯ ಒಂದೇ ಕಡೆಯಿಂದ ಬರುತ್ತದೆ ಎಂದೂ ತಿಳಿಯಬೇಡಿ. 2022ರ ಜನವರಿಯಲ್ಲಿ ಸಿಟಿಜನ್ ಲ್ಯಾಬ್ ಸಂಸ್ಥೆ ಅಲ್ಲಿನ 35 ಪತ್ರಕರ್ತರ ಮತ್ತು ಕಾರ್ಯಕರ್ತರ ಫೋನುಗಳಲ್ಲಿ ಪೆಗಾಸಸ್ ಗೂಢಚಾರ ತಂತ್ರಾಂಶ ಪತ್ತೆ ಮಾಡಿತು. ಅವರಲ್ಲಿ 22 ಜನ ಎಲ್ ಫಾರೊದವರು. ನೀವು ಫೋನಿನಲ್ಲಿ ಕೇಳುವ ಒಂದು ಪ್ರಶ್ನೆ ಆ ಕಡೆಯವರಿಗೆ ಎಷ್ಟು ದುಬಾರಿ ಎಂದು ಯೋಚಿಸಿ. ದಾಖಲೆಯಲ್ಲಿ ಸಿಗುವುದನ್ನು ಮನುಷ್ಯರನ್ನು ಕೇಳಬೇಡಿ.

ವಿಡಿಯೊಗಳು ಬರುತ್ತವೆ. ನೋಡಬೇಡಿ. ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದಿಲ್ಲ. ನಾನು ಮೂರು ನೋಡಿದ್ದೇನೆ, ಮೂರೂ ಇನ್ನೂ ಹೋಗಿಲ್ಲ.

ಈಗ ನನ್ನ ನೋಟ್‌ಬುಕ್ ಇರುವ ಸ್ಥಿತಿ ಹೇಳಿಬಿಡುತ್ತೇನೆ, ನೀವು ಮುಂದುವರಿಸುವುದು ಇಲ್ಲಿಂದಲೇ. 2022ರ ಮಾರ್ಚ್‌ನಿಂದ ಎಡಪುಟ ತುಂಬಿ ಅಂಚಿಗೂ ಬಂದಿದೆ. ತಿಂಗಳಿಗೊಮ್ಮೆ ತುರ್ತು ಪರಿಸ್ಥಿತಿಯ ವಿಸ್ತರಣೆ. ವಕೀಲರಿಲ್ಲದೆ ಮೂರು ದಿನದ ಬದಲು 15 ದಿನದ ವಶ. 2023ರಲ್ಲಿ ತೆಕೊಲುಕಾದಲ್ಲಿ 40,000 ಜನರಿಗೆಂದು ಕಟ್ಟಿದ ಸೆಕೊತ್. 8,000 ಅಮಾಯಕರನ್ನು ಬಿಟ್ಟಿದ್ದೇವೆ ಎಂದು ಬುಕೆಲೆಯೇ ಹೇಳಿದ ಸಾಲು. ಬಲಪುಟದಲ್ಲಿ ಕೆಲವೇ ಸಾಲುಗಳಿವೆ. ಒಂದು, 2025ರ ಮೇನಲ್ಲಿ ಬಾರಿಯೊ 18ರ ಇಬ್ಬರು ಮಾಜಿ ಮುಖಂಡರು ಹಳೆಯ ಒಪ್ಪಂದಗಳ ಬಗ್ಗೆ ಎಲ್ ಫಾರೊ ಕ್ಯಾಮೆರಾ ಮುಂದೆ ಮಾತಾಡಿದ್ದು. ಅದಾದ ಮೇಲೆ ಆ ಪತ್ರಕರ್ತರು ದೇಶ ಬಿಟ್ಟರು. ಹೊರಗುಳಿದ ಕ್ಲಿಕಾಗಳು ಎಲ್ಲಿವೆ, ಸೆಕೊತ್‌ನೊಳಗೆ ಒಟ್ಟಿಗೆ ಕೂತವರು ಏನು ಮಾತಾಡುತ್ತಿದ್ದಾರೆ ಎಂಬಲ್ಲಿ ಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅದರ ಕೆಳಗೆ ಅರ್ಧ ಪುಟ ಜಾಗ ಬಿಟ್ಟಿದ್ದೇನೆ.